ದೂರದ ಸೈಕಲ್ ಸವಾರಿಗೆ ಶೂ: ಮೊದಲು ಅಗಲ ನೋಡಿ

ಕಾಸರಗೋಡು ಕಡೆಯ ನೀರ್ಚಾಲಿನಿಂದ ಪಯ್ಯನ್ನೂರಿಗೆ ಸೈಕಲಿನಲ್ಲಿ ಹೋಗಿ ಬರೋಣವೆಂದು ನಾನೂ ತಮ್ಮನೂ ಬೆಳಗ್ಗೆ ಐದಕ್ಕೆ ಹೊರಟಿದ್ದೆವು. ಹೋಗುವಾಗ ಏನೂ ತೊಂದರೆ ಇರಲಿಲ್ಲ. ವಾಪಸು ಬರುತ್ತಾ ಹೊಸದುರ್ಗ ದಾಟುವಾಗ ನನ್ನ ಬಲಗಾಲಿನ ಮೂರನೇ, ನಾಲ್ಕನೇ ಬೆರಳು ಜೋಮು ಹಿಡಿಯಿತು. ಬೇಕಲ ಮುಟ್ಟುವಾಗ ಅಂಗಾಲಿನ ಮುಂಭಾಗ ಕೆಂಡ ಮೆಟ್ಟಿದಂತೆ ಉರಿಯುತ್ತಿತ್ತು. ರಸ್ತೆ ಬದಿಯ ಮುರಕಲ್ಲಿನ ಕಟ್ಟೆಯಲ್ಲಿ ಕೂತು ಶೂ ಬಿಚ್ಚಿದೆ. ಸಾಕ್ಸ್ ಎಳೆದು ನೋಡಿದರೆ ಕಿರುಬೆರಳಿನ ಬುಡದಲ್ಲಿ ಶೂವಿನ ಹೊಲಿಗೆ ಸಾಲು ಸಾಲಾಗಿ ಅಚ್ಚೊತ್ತಿತ್ತು. "ಅಕ್ಕಾ, ನಿನ್ನ ಪಾದ ಶೂವಿಗಿಂತ ಅಗಲ ಇದೆಯಲ್ಲ!" ಎಂದ ತಮ್ಮ.

"ಸೈಕಲ್ ಶೂ ಬಿಗಿಯೇ ಇರಬೇಕು, ಹಾಕುತ್ತಾ ಸಡಿಲಾಗುತ್ತದೆ" ಎಂದು ಅಂಗಡಿಯವರು ಹೇಳಿದ್ದನ್ನು ನಾನು ನಂಬಿದ್ದೆ. ಆದರೆ ಈ ಶೂಗಳ ಅಡಿ ಗಟ್ಟಿ ನೈಲಾನ್ ಅಥವಾ ಕಾರ್ಬನ್. ಅದು ಎಷ್ಟು ವರ್ಷ ಹಾಕಿದರೂ ಅಗಲವಾಗದು. ಬಿಗಿ ಬೇಕಾದ್ದು ಹಿಮ್ಮಡಿಗೆ. ಬೆರಳುಗಳು ಒಳಗೆ ಆರಾಮವಾಗಿ ಅಲ್ಲಾಡುತ್ತಿರಬೇಕು. ಬೆರಳುಗಳ ಬುಡದ ಎಲುಬುಗಳು ಒತ್ತೊತ್ತಾದರೆ ನಡುವಿನ ನರ ಸಿಕ್ಕಿಬೀಳುತ್ತದೆ. ಜೋಮು, ಉರಿ ಬರುವುದು ಹೆಚ್ಚಾಗಿ ಅದರಿಂದಲೇ.

ಹಿಂದೆ ನಮ್ಮಲ್ಲಿ ಪೇಟೆಗೆ ಹೋಗುವವರ ಕೈಯಲ್ಲಿ ಹಿಡಿಸೂಡಿ ಕಡ್ಡಿಯನ್ನು ಪಾದದ ಉದ್ದಕ್ಕೆ ಮುರಿದು ಕೊಟ್ಟು ಚಪ್ಪಲಿ ತರಿಸುತ್ತಿದ್ದರು. ಚಪ್ಪಲಿಗೆ ಅಷ್ಟು ಸಾಕು, ಸೈಕಲ್ ಶೂವಿಗೆ ಸಾಲದು. ಸಂಜೆ, ಪಾದ ಸ್ವಲ್ಪ ಊದಿಕೊಂಡಿರುವ ಹೊತ್ತಿಗೆ, ನೆಲದ ಮೇಲೆ ಕಾಗದ ಹಾಸಿ ಎರಡೂ ಕಾಲಿಗೆ ಭಾರ ಬಿಟ್ಟು ನಿಲ್ಲಿ. ಪೆನ್ಸಿಲನ್ನು ನೆಟ್ಟಗೆ ಹಿಡಿದು ಬೇರೆಯವರು ಗೆರೆ ಎಳೆಯಲಿ, ನೀವೇ ಬಗ್ಗಿದರೆ ಅಳತೆ ತಪ್ಪುತ್ತದೆ. ಹಿಮ್ಮಡಿಯಿಂದ ಅತಿ ಉದ್ದದ ಬೆರಳಿನ ತುದಿಗೆ ಒಂದು ಅಳತೆ, ಹೆಬ್ಬೆರಳಿನ ಬುಡದ ಗಂಟಿನಿಂದ ಕಿರುಬೆರಳಿನ ಬುಡದ ಗಂಟಿಗೆ ಇನ್ನೊಂದು. ನನ್ನದು ಉದ್ದ 24.3 ಸೆಂಟಿಮೀಟರ್, ಅಗಲ 10. ಎರಡು ಪಾದದಲ್ಲಿ ಯಾವುದು ದೊಡ್ಡದೋ ಅದರ ಲೆಕ್ಕ ಹಿಡಿಯಿರಿ.

ನಂಬರನ್ನು ಮಾತ್ರ ನೋಡಿ ಕೊಳ್ಳಬೇಡಿ. ಒಂದು ಕಂಪನಿಯ 39 ಇನ್ನೊಂದರ 39ರಂತೆ ಇರುವುದಿಲ್ಲ, ಆಯಾ ಕಂಪನಿಯ ಸೆಂಟಿಮೀಟರ್ ಪಟ್ಟಿಗೆ ಹೋಲಿಸಿ. ಯುರೋಪಿನ ಲೆಕ್ಕದಲ್ಲಿ ಒಂದು ನಂಬರ್ ಏರಿದರೆ ಉದ್ದ ಹೆಚ್ಚುವುದು ಸುಮಾರು 6.7 ಮಿಲಿಮೀಟರ್. ಅಗಲ ಸಾಲದೆಂದು ಎರಡು ನಂಬರ್ ದೊಡ್ಡದು ಕೊಂಡರೆ ಹಿಮ್ಮಡಿ ಜಾರುತ್ತದೆ, ಬೆರಳಿನ ಬುಡಕ್ಕೆ ಜಾಗ ಮಾತ್ರ ಅಷ್ಟೇನೂ ಹೆಚ್ಚುವುದಿಲ್ಲ. ಶಿಮಾನೊ ಕೆಲವು ಶೂಗಳನ್ನು ವೈಡ್ ಅಳತೆಯಲ್ಲೂ ಮಾಡುತ್ತದೆ, ಅಂಥದ್ದನ್ನು ಕೇಳಿ.

ಅಂಗಡಿಯಲ್ಲಿ ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಒಳಗಿನ ಇನ್ಸೋಲ್ ಹೊರತೆಗೆದು ನೆಲದಲ್ಲಿಟ್ಟು ಅದರ ಮೇಲೆ ನಿಲ್ಲಿ. ಪಾದದ ಬದಿ ಇನ್ಸೋಲಿನಿಂದ ಹೊರಗೆ ಚೆಲ್ಲಿದರೆ ಆ ಶೂ ನಿಮ್ಮದಲ್ಲ, ಎಷ್ಟೇ ಚಂದ ಕಂಡರೂ ವಾಪಸು ಇಡಿ. ಬೆರಳಿನ ಮುಂದೆ ಅರ್ಧ ಸೆಂಟಿಮೀಟರಿನಷ್ಟಾದರೂ ಖಾಲಿ ಇರಲಿ. ಸವಾರಿಗೆ ಹಾಕುವ ಸಾಕ್ಸ್ ಹಾಕಿಯೇ ನೋಡಿ.

ಅಡಿ ಮೆತ್ತಗಿದ್ದರೂ ಕಾಲು ನೋಯುತ್ತದೆ. ಓಟದ ಶೂ ಹಾಕಿ ನಾಲ್ಕು ಗಂಟೆ ತುಳಿದರೆ ಪೆಡಲ್ ಒಂದೇ ಜಾಗಕ್ಕೆ ಒತ್ತುತ್ತದೆ. ಕ್ಲೀಟ್, ಅಂದರೆ ಶೂವನ್ನು ಪೆಡಲಿಗೆ ಸಿಕ್ಕಿಸಲು ಅಡಿಗೆ ಬೋಲ್ಟ್ ಹಾಕಿ ಕೂರಿಸುವ ತುಂಡು, ಬೇಡ ಎನ್ನುವವರು ಚಪ್ಪಟೆ ಪೆಡಲಿಗೆ ಗಟ್ಟಿ ಅಡಿಯ ಶೂ ಹಾಕಿದರೂ ಬಹಳ ಸುಖ. ಕ್ಲೀಟ್ ಬೇಕೆಂದರೆ ನಮ್ಮ ಕಡೆಗೆ ಎರಡು ಬೋಲ್ಟಿನದ್ದೇ ಒಳ್ಳೆಯದು. ಅದು ಶೂವಿನ ಅಡಿಯಲ್ಲಿ ಹುದುಗಿರುವುದರಿಂದ ಹೋಟೆಲಿಗೆ ಇಳಿದು ನಡೆಯಬಹುದು. ಮೂರು ಬೋಲ್ಟಿನ ಕ್ಲೀಟ್ ಹೊರಗೆ ಚಾಚಿರುತ್ತದೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಅದನ್ನು ಹಾಕಿ ನಡೆದರೆ ಜಾರಿ ಬೀಳುವ ಭಯ.

ಕ್ಲೀಟ್ ಕೂರಿಸುವುದಕ್ಕೆ ಸಮಯ ಕೊಡಿ. ಶೂ ಹಾಕಿಕೊಂಡು ಹೆಬ್ಬೆರಳಿನ ಬುಡದ ಗಂಟನ್ನೂ ಕಿರುಬೆರಳಿನ ಬುಡದ ಗಂಟನ್ನೂ ಹೊರಗಿನಿಂದ ಮುಟ್ಟಿ ಗುರುತು ಹಾಕಿ. ಪೆಡಲಿನ ಅಚ್ಚು ಈ ಎರಡರ ನಡುವೆ ಹಾದುಹೋಗಲಿ. ಅಲ್ಲಿಗೂ ಜೋಮು ಬಂದರೆ ಕ್ಲೀಟನ್ನು ಹಿಮ್ಮಡಿಯ ಕಡೆಗೆ ಎರಡೆರಡು ಮಿಲಿಮೀಟರ್ ಸರಿಸುತ್ತಾ ಹೋಗಿ. ಸರಿಸುವ ಮೊದಲು ಸುತ್ತ ಪೆನ್ನಿನಿಂದ ಗೆರೆ ಎಳೆಯಿರಿ, ಇಲ್ಲವಾದರೆ ಹಳೆಯ ಜಾಗ ಸಿಗದು. ಬೋಲ್ಟಿಗೆ ಸ್ವಲ್ಪ ಗ್ರೀಸ್ ಹಚ್ಚಿ. ನಾನು ಐದು ಮಿಲಿಮೀಟರ್ ಹಿಂದೆ ತಂದ ಮೇಲೆ ಸೀಟನ್ನು ಒಂದು ಕೂದಲೆಳೆ ಇಳಿಸಬೇಕಾಯಿತು.

ಶೂ ಬಿಗಿಯುವ ಪಟ್ಟಿಯಾಗಲಿ ತಿರುಗಿಸುವ ಡಯಲ್ ಆಗಲಿ, ಹೊರಡುವಾಗ ಸಡಿಲವೇ ಇರಲಿ. ಬಿಸಿಲೇರಿದಂತೆ ಪಾದ ಊದುತ್ತದೆ, ನಡುವೆ ಒಮ್ಮೆ ಮತ್ತೆ ಸಡಿಲಿಸಿ. ಗೊತ್ತುಪಡಿಸಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗೆ ಬ್ರೆವೆ ಎನ್ನುತ್ತಾರೆ; 200 ಕಿಲೋಮೀಟರಿನ ಬ್ರೆವೆಗೂ ಹದಿಮೂರೂವರೆ ಗಂಟೆ ಕಾಲಾವಕಾಶ ಇರುತ್ತದೆ. ಎರಡು ನಿಮಿಷ ನಿಂತರೆ ಏನೂ ನಷ್ಟವಿಲ್ಲ. ಶೂ ಬದಲಿಸಿದರೂ, ರಾತ್ರಿ ಮಲಗಿದ ಮೇಲೂ ಜೋಮು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇರುವವರು ಅಷ್ಟು ದಿನವೂ ಕಾಯಬಾರದು.

ಆಟಿಯ ಮಳೆಯಲ್ಲಿ ಒದ್ದೆಯಾದ ಶೂವನ್ನು ಒಲೆಯ ಬಳಿ ಇಡಬೇಡಿ, ಅಂಟು ಬಿಡುತ್ತದೆ. ಇನ್ಸೋಲ್ ತೆಗೆದು, ಹಳೆಯ ಪೇಪರ್ ಉಂಡೆ ಮಾಡಿ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ ಫ್ಯಾನಿನ ಕೆಳಗೆ ಇಟ್ಟರೆ ಮರುದಿನಕ್ಕೆ ಹಾಕುವಷ್ಟು ಒಣಗುತ್ತದೆ.