ಗಂಡ-ಹೆಂಡತಿ ಒಂದೇ ಮಷೀನಿನಲ್ಲಿ ಬಿಪಿ ನೋಡುವುದು ಹೇಗೆ?

ಕಲಬುರಗಿಯ ಎಷ್ಟೋ ಮನೆಗಳಲ್ಲಿ ಈಗ ಬಿಪಿ ಮಷೀನ್ ಇದೆ. ಆದರೆ ಅದು ಯಜಮಾನರದ್ದು. ‘ನಿಮ್ಮದು ನೋಡ್ಕೊಂಡ್ರೇನು ವೈನಿ?’ ಎಂದು ಕೇಳಿ ನೋಡಿ. ‘ನನಗೇನಾಗ್ಯದ್ರಿ, ಬಿಪಿ ಇರೋದು ಇವರಿಗೆ’ ಎನ್ನುತ್ತಾರೆ. ನಲವತ್ತರವರೆಗೆ ಈ ಮಾತು ಬಹುಮಟ್ಟಿಗೆ ನಡೆದೀತು. ಮುಟ್ಟು ನಿಂತ ಮೇಲೆ ನಡೆಯುವುದಿಲ್ಲ.

ಕಾರಣ ಹಾರ್ಮೋನು. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ತಯಾರಿಸುತ್ತದೆ. ಅದರಿಂದ ನಾಳ ಸಡಿಲವಾಗುತ್ತದೆ. ಈ ಕೆಲಸವನ್ನು ಪತ್ತೆಹಚ್ಚಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಹೆಂಗಸರ ಮುಖ್ಯ ಹಾರ್ಮೋನಾದ ಈಸ್ಟ್ರೋಜನ್ ಈ ಅನಿಲದ ತಯಾರಿಕೆ ಹೆಚ್ಚಿಸುತ್ತದೆ. ಗಂಡಸರ ಹಾರ್ಮೋನಾದ ಟೆಸ್ಟೋಸ್ಟೆರಾನ್ ಕತೆ ಇಷ್ಟು ಸರಳವಲ್ಲ. ಲ್ಯಾಬಿನಲ್ಲಿ ನಾಳದ ತುಣುಕಿಗೆ ಹಾಕಿದರೆ ಅದೂ ಸಡಿಲಿಸುತ್ತದೆ. ಆದರೂ ಹರೆಯಕ್ಕೆ ಬಂದಾಗಿನಿಂದ ಹುಡುಗರ ಬಿಪಿ ಹುಡುಗಿಯರಿಗಿಂತ ತುಸು ಮೇಲೇ ಇರುತ್ತದೆ. ಗಂಡಸರಲ್ಲಿ ಹಾರ್ಮೋನು ನಿಧಾನಕ್ಕೆ ಇಳಿಯುತ್ತದೆ, ಹೆಂಗಸರಲ್ಲಿ ಕೆಲವೇ ವರ್ಷಗಳಲ್ಲಿ ಕುಸಿಯುತ್ತದೆ. 65ರ ಆಸುಪಾಸಿಗೆ ಬಿಪಿ ಲೆಕ್ಕದಲ್ಲಿ ಹೆಂಗಸರೇ ಮುಂದೆ.

ಹಂತ 1: ಮಷೀನ್. ತೋಳಿಗೆ ಕಟ್ಟುವುದನ್ನೇ ತೆಗೆದುಕೊಳ್ಳಿ. ಮಣಿಕಟ್ಟಿನದು ಬೇಡ. ಮೊಬೈಲ್ ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುವ ಆ್ಯಪ್ ಇದ್ದರೆ ಈಗಲೇ ಅಳಿಸಿ. ಟೈಲರ್ ಟೇಪಿನಿಂದ ಇಬ್ಬರ ತೋಳಿನ ಸುತ್ತಳತೆ ನೋಡಿ, ಪಟ್ಟಿಯ ಮೇಲೆ ಬರೆದಿರುವ ಅಳತೆಗೆ ಹೋಲಿಸಿ. ತೋಳು ದಪ್ಪ, ಪಟ್ಟಿ ಸಣ್ಣದು ಎಂದಾದರೆ ಬಿಪಿ ಸುಳ್ಳೇ ಜಾಸ್ತಿ ತೋರಿಸುತ್ತದೆ.

ಹಂತ 2: ಅರ್ಧ ಗಂಟೆ ಮೊದಲು ಚಹಾ, ಬೀಡಿ, ಗುಟ್ಕಾ ಬೇಡ. ಮೂತ್ರಕ್ಕೆ ಹೋಗಿ ಬನ್ನಿ.

ಹಂತ 3: ಕೂರುವುದು, ಕಟ್ಟುವುದು. ಎಲ್ಲರೂ ಕೆಡಿಸುವುದು ಇಲ್ಲೇ. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂರಬೇಡಿ, ಕಾಲ ಮೇಲೆ ಕಾಲೂ ಬೇಡ. ಬೆನ್ನಿಗೆ ಆಸರೆ ಇರುವ ಕುರ್ಚಿ, ಪಾದ ಪೂರ್ತಿ ನೆಲಕ್ಕೆ. ಐದು ನಿಮಿಷ ಸುಮ್ನೆ ಕೂರಿ. ಟಿವಿ ಬಂದ್. ಹೆಂಗಸರು ಸೀರೆ ಸೆರಗಿನ ಮೇಲೆಯೋ ಬಿಗಿ ರವಿಕೆಯ ತೋಳನ್ನು ಮೇಲಕ್ಕೆ ಸುತ್ತಿಯೋ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಎರಡೂ ತಪ್ಪು. ಸಡಿಲ ನೈಟಿ ಹಾಕಿಕೊಂಡು ತೋಳನ್ನು ಪೂರ್ತಿ ಹೊರಗೆ ತೆಗೆಯಿರಿ. ಪಟ್ಟಿ ಬರಿ ಚರ್ಮದ ಮೇಲೆ, ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲೆ ಇರಬೇಕು. ತೋಳು ಎದೆಯ ಮಟ್ಟಕ್ಕೆ ಬರುವ ಹಾಗೆ ಮೇಜಿನ ಮೇಲೆ ಇಡಿ, ತಗ್ಗಾದರೆ ದಿಂಬು ಕೊಡಿ. ತೋಳು ಕೆಳಗೆ ಜೋತುಬಿದ್ದರೆ ಹತ್ತು ಅಂಕಿ ಹೆಚ್ಚು ಬಂದರೂ ಬಂತೇ. ಪಟ್ಟಿ ಉಬ್ಬುವಾಗ ಮಾತಾಡಬೇಡಿ. ‘ಅಡಗಿ ಏನ್ ಮಾಡೀದಿ?’ ಎಂದು ಯಜಮಾನರು ಕೇಳುವುದು ಸರಿಯಾಗಿ ಆಗಲೇ!

ಮೊದಲ ದಿನ ಎರಡೂ ತೋಳು ನೋಡಿ. ಯಾವುದರಲ್ಲಿ ಜಾಸ್ತಿ ಬರುತ್ತದೋ ಮುಂದೆ ಅದೇ ತೋಳು.

ಹಂತ 4: ಬರೆದಿಡುವುದು. ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಸರಾಸರಿ ತೆಗೆಯಿರಿ. 135/85 ಅಥವಾ ಮೇಲಿದ್ದರೆ ಡಾಕ್ಟರಿಗೆ ತೋರಿಸಿ. ಈ ಅಂಕಿ ಗಂಡಿಗೂ ಹೆಣ್ಣಿಗೂ ಒಂದೇ. ಆದರೆ ಹಾಳೆ ಬೇರೆ ಬೇರೆ ಇರಲಿ. ಹೆಂಡತಿಯ ಹಾಳೆಯ ತಲೆಗೆ ಮೂರು ವಿಷಯ ಬರೆಯಿರಿ: ಮುಟ್ಟು ನಿಂತದ್ದು ಯಾವಾಗ, ಬಸುರಿಯಲ್ಲಿ ಬಿಪಿ ಏರಿತ್ತೇ, ಗರ್ಭನಿರೋಧಕ ಗುಳಿಗೆ ತೆಗೆದುಕೊಳ್ಳುತ್ತಿದ್ದಾರೆಯೇ. ಬಸುರಿಯಲ್ಲಿ ಬಿಪಿ ಏರಿದವರಿಗೆ ಮುಂದೆಯೂ ಅಪಾಯ ಜಾಸ್ತಿ. ಮೈಯಲ್ಲೇ ಆಗುವ ಈಸ್ಟ್ರೋಜನ್ ನಾಳ ಸಡಿಲಿಸಿದರೂ ಗುಳಿಗೆಯ ಈಸ್ಟ್ರೋಜನ್ ಕೆಲವರಲ್ಲಿ ಬಿಪಿ ಏರಿಸುತ್ತದೆ.

ಈಸ್ಟ್ರೋಜನ್ ಕುಸಿಯುವುದೇ ಕಾರಣ ಎಂದಾದರೆ, ಮುಟ್ಟು ನಿಂತವರು ಹಾರ್ಮೋನು ನುಂಗಿದರೆ ಹೃದಯಕ್ಕೆ ಒಳ್ಳೆಯದಲ್ವಾ? ಅಮೆರಿಕದಲ್ಲಿ ಇದನ್ನು ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದರು. ಎರಡು ಹಾರ್ಮೋನು ಸೇರಿಸಿ ಕೊಟ್ಟ ಭಾಗವನ್ನು 2002ರಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಹೃದಯಕ್ಕೆ ರಕ್ಷಣೆ ಸಿಗಲಿಲ್ಲ, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು, ಸ್ತನ ಕ್ಯಾನ್ಸರ್ ಹೆಚ್ಚಾದವು. ಬೇರೆ ತೊಂದರೆಗೆ ಡಾಕ್ಟರು ಬರೆದುಕೊಟ್ಟರೆ ಆ ಮಾತು ಬೇರೆ. ‘ಹಾರ್ಮೋನ್ ಬ್ಯಾಲೆನ್ಸ್’ ಪುಡಿಗೆ ಮಾತ್ರ ದುಡ್ಡು ಸುರಿಯಬೇಡಿ.

ಹಂತ 5: 180/120 ದಾಟಿ, ಜತೆಗೆ ಎದೆನೋವು, ಉಸಿರಾಟದ ತೊಂದರೆ ಅಥವಾ ಮಾತು ತೊದಲುವುದು ಇದ್ದರೆ ಹಾಳೆ, ಸರಾಸರಿ ಎಲ್ಲ ಬಿಟ್ಟು ಆಸ್ಪತ್ರೆಗೆ ಓಡಿ. ಕಲಬುರಗಿಯಲ್ಲೇ ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಇದೆ. ಹೃದಯಾಘಾತದಲ್ಲಿ ಹೆಂಗಸರಿಗೆ ಎದೆನೋವಿನ ಜತೆಗೋ ಅದಿಲ್ಲದೆಯೋ ದವಡೆ ನೋವು, ಬೆನ್ನು ನೋವು, ವಾಕರಿಕೆ, ವಿಪರೀತ ಸುಸ್ತು ಬರಬಹುದು. ಗ್ಯಾಸ್ ಎಂದು ಸೋಡಾ ಕುಡಿಸಿ ಮಲಗಿಸಬೇಡಿ.

ನಮ್ಮ ಬಿಸಿಲು 40 ಡಿಗ್ರಿ ದಾಟಿದಾಗ ಬಿಪಿ ತಾನೇ ಇಳಿಯುವುದುಂಟು. ಗುಳಿಗೆ ತೆಗೆದುಕೊಳ್ಳುವವರಿಗೆ ಎದ್ದಾಗ ತಲೆ ಸುತ್ತಿದರೆ ಗುಳಿಗೆಯನ್ನು ನೀವೇ ನಿಲ್ಲಿಸಬೇಡಿ, ಅರ್ಧ ಮಾಡಿಯೂ ನುಂಗಬೇಡಿ. ಹಾಳೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.