ಬೆಡ್‌ಸೋರ್ ಅಂತ ಟೈಪ್ ಮಾಡಿದೆ: ಆಸ್ಪತ್ರೆ ಲೈಬ್ರರಿಯಲ್ಲಿ ನನ್ನ ಅನುಭವ

ಇಂಗ್ಲೆಂಡಿನ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯೊಂದಕ್ಕೆ ನರ್ಸ್ ಆಗಿ ಬಂದ ಮೊದಲ ವಾರ ಅದು. ಇಂಡಕ್ಷನ್ ದಿನ, ಅಂದರೆ ಹೊಸಬರಿಗೆ ಆಸ್ಪತ್ರೆ ಪರಿಚಯಿಸುವ ದಿನ, ಹಾಲ್ ತುಂಬಾ ಮೇಜುಗಳು. ಕಾರ್ ಪಾರ್ಕಿಂಗ್, ಯೂನಿಯನ್, ಪೆನ್ಷನ್, ಕೈ ತೊಳೆಯೋದು ಹೇಗೆ, ಎಲ್ಲದಕ್ಕೂ ಒಂದೊಂದು. ಕೊನೆಯಲ್ಲಿ ಲೈಬ್ರರಿ ಮೇಜು. ಅಲ್ಲಿದ್ದವರು ಒಂದು ಪೆನ್ನು, ಒಂದು ಹಾಳೆ ಕೊಟ್ಟರು. ಪೆನ್ನು ಜೇಬಿಗೆ ಹೋಯಿತು, ಹಾಳೆ ಬ್ಯಾಗಿನ ತಳ ಸೇರಿತು.

ಲೈಬ್ರರಿ ಅಂದರೆ ನನ್ನ ತಲೆಯಲ್ಲಿ ಇದ್ದದ್ದು ಗಾಜಿನ ಬೀರು ಮತ್ತು ಅದಕ್ಕೊಂದು ಬೀಗ. ನಾನು ಓದಿದ ಕಾಲೇಜಿನಲ್ಲಿ ಪುಸ್ತಕ ಕೇಳಿದರೆ ‘ಯಾಕೆ?’ ಅಂತ ಮೊದಲು ಕೇಳುತ್ತಿದ್ದರು. ಹಾಗಾಗಿ ಆ ಕಡೆ ತಲೆ ಹಾಕಲಿಲ್ಲ.

ಕೊನೆಗೆ ಅಲ್ಲಿಗೆ ತಳ್ಳಿದ್ದು ಆಸ್ಕಿ ಅನ್ನುವ ಪ್ರಾಯೋಗಿಕ ಪರೀಕ್ಷೆ. ಹೊರದೇಶದಿಂದ ಬಂದ ನರ್ಸ್‌ಗಳು ಇದನ್ನು ಪಾಸಾಗದೆ ಇಲ್ಲಿ ರಿಜಿಸ್ಟರ್ಡ್ ನರ್ಸ್ ಆಗುವ ಹಾಗಿಲ್ಲ. ಒಟ್ಟು 10 ಸ್ಟೇಷನ್, ಪ್ರತಿಯೊಂದಕ್ಕೂ ಗಡಿಯಾರ ಓಡುತ್ತಿರುತ್ತದೆ. ಹಾಸ್ಟೆಲ್‌ನಲ್ಲಿ ಓದೋಣ ಅಂದರೆ ಯಾವಾಗಲೂ ಯಾರೋ ಒಬ್ಬರು ನೈಟ್ ಮುಗಿಸಿ ಮಲಗಿರುತ್ತಿದ್ದರು, ಇನ್ನೊಬ್ಬರು ಊರಿಗೆ ಫೋನ್ ಮಾಡುತ್ತಿದ್ದರು. ಲೈಬ್ರರಿ ಬಾಗಿಲು ಐಡಿ ಕಾರ್ಡ್ ಉಜ್ಜಿದರೆ ರಾತ್ರಿ ಎರಡಕ್ಕೂ ತೆರೆಯುತ್ತದೆ ಅಂತ ಗೊತ್ತಾದ ಮೇಲೆ ಅಲ್ಲೇ ಠಿಕಾಣಿ ಹೂಡಿದೆ. ಮೂಲೆಯ ಮೇಜಿನ ಮೇಲೆ ಅರ್ಧ ಜೋಡಿಸಿದ ಜಿಗ್‌ಸಾ ಪಜಲ್ ಇರುತ್ತಿತ್ತು. ಹೋದವರು ಬಂದವರು ಎರಡು ತುಂಡು ಕೂರಿಸಿ ಹೋಗುತ್ತಿದ್ದರು. ನಾನೂ ಅಷ್ಟೇ.

ಪರೀಕ್ಷೆ ಮುಗಿದ ಮೇಲೆ ನಿಜವಾದ ಉಪಯೋಗ ಶುರುವಾಯಿತು.

ಮೊದಲ ಕೆಲಸ ಓಪನ್‌ಅಥೆನ್ಸ್ ಖಾತೆ. ಜರ್ನಲ್‌ಗಳಿಗೆ, ಡೇಟಾಬೇಸ್‌ಗಳಿಗೆ ಇದೊಂದೇ ಬೀಗದ ಕೈ. ಸುಮ್ನೆ ಮನೆಯಲ್ಲಿ ಕೂತು ಸ್ವಂತ ಜಿಮೇಲ್‌ನಿಂದ ಅರ್ಜಿ ಹಾಕಿದೆ. ನಾನು ಯಾರು ಅಂತ ಖಾತ್ರಿಯಾಗದೆ ಅದು ಅಲ್ಲೇ ನಿಂತಿತು. ಆಸ್ಪತ್ರೆಯ ಇಮೇಲ್ ಕೊಟ್ಟಿದ್ದರೆ ಇಷ್ಟು ತಡ ಆಗುತ್ತಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಹೊಸಬರು ಇದನ್ನು ಮೊದಲ ವಾರದಲ್ಲೇ ಮಾಡಿಕೊಳ್ಳಿ. ರೋಗ, ಚಿಕಿತ್ಸೆಗಳ ಮಾಹಿತಿ ಕೊಡುವ ಬಿಎಂಜೆ ಬೆಸ್ಟ್ ಪ್ರಾಕ್ಟೀಸ್ ಕೂಡ ಇಂಗ್ಲೆಂಡಿನ ಎನ್‌ಎಚ್‌ಎಸ್ ನೌಕರರಿಗೆ ಉಚಿತ. ಆ್ಯಪ್ ಇಳಿಸಿಕೊಂಡರೆ ವೈಫೈ ಸಿಗದ ವಾರ್ಡಿನಲ್ಲೂ ಕೆಲಸ ಮಾಡುತ್ತದೆ.

ಇನ್ನು ಒಂದು ಹಿಮ್ಮಡಿಯ ಕಥೆ. ನಮ್ಮ ವಾರ್ಡಿನಲ್ಲಿ ನಮ್ಮದೇ ಮೈಬಣ್ಣದ ಒಬ್ಬ ಅಜ್ಜಿ ಇದ್ದರು. ಶಿಫ್ಟ್ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ‘ಚರ್ಮ ಚೆನ್ನಾಗಿದೆ, ಕೆಂಪಾಗಿಲ್ಲ’ ಅಂದರು. ಸಾಕ್ಸ್ ಹಾಕುವಾಗ ಮುಟ್ಟಿದರೆ ಹಿಮ್ಮಡಿ ಬಿಸಿ, ಕಲಸಿದ ಹಿಟ್ಟಿನ ಹಾಗೆ ಮೆತ್ತಗೆ. ನಾವೆಲ್ಲ ಕಲಿತದ್ದು ಒಂದೇ: ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಬೇಕು, ಬೆಳ್ಳಗಾಗದಿದ್ದರೆ ಅದು ಬೆಡ್‌ಸೋರ್‌ನ, ಅಂದರೆ ಒಂದೇ ಕಡೆ ಮಲಗಿ ಒತ್ತಡದಿಂದ ಆಗುವ ಹುಣ್ಣಿನ, ಮೊದಲ ಹಂತ. ಆದರೆ ಕಪ್ಪು ಚರ್ಮದಲ್ಲಿ ಕೆಂಪೇ ಕಾಣದಿದ್ದರೆ? ಒತ್ತಿದಾಗ ಬೆಳ್ಳಗಾದದ್ದೂ ತಿಳಿಯದಿದ್ದರೆ? ಇಷ್ಟು ವರ್ಷ ನಮ್ಮ ಊರಿನಲ್ಲಿ ಕಪ್ಪು ಚರ್ಮದವರನ್ನೇ ನೋಡಿಕೊಂಡು, ಬಿಳಿ ಚರ್ಮಕ್ಕೆ ಬರೆದ ಪಾಠವನ್ನು ಬಾಯಿಪಾಠ ಮಾಡಿದ್ದೆ ಅಂತ ಅವತ್ತು ಹೊಳೆಯಿತು.

ವೈದ್ಯಕೀಯ ಲೇಖನ ಹುಡುಕುವ ಪಬ್‌ಮೆಡ್ ತಾಣದಲ್ಲಿ ‘ಬೆಡ್‌ಸೋರ್’, ‘ಬ್ಲ್ಯಾಕ್ ಸ್ಕಿನ್’ ಅಂತ ಟೈಪ್ ಮಾಡಿದೆ. ಬಂದದ್ದರಲ್ಲಿ ಬೇಕಾದದ್ದು ತೀರಾ ಕಡಿಮೆ. ಸಂಕೋಚದಿಂದಲೇ ಲೈಬ್ರೇರಿಯನ್ ಹತ್ತಿರ ಹೋದೆ. ಅವರು ‘ಯಾಕೆ?’ ಅಂತ ಕೇಳಲಿಲ್ಲ. ಕೇಳಿದ್ದು ಬೇರೆ: ದೊಡ್ಡವರಾ, ಮಕ್ಕಳಾ? ತಡೆಯೋದು ಬೇಕಾ, ಗುರುತಿಸೋದಾ? ಯಾವಾಗ ಬೇಕು? ಹತ್ತು ನಿಮಿಷದಲ್ಲಿ ನನ್ನ ಪ್ರಶ್ನೆ ನನಗೇ ಸ್ಪಷ್ಟವಾಯಿತು. ಲೇಖನ ಹುಡುಕಿಕೊಡಿ ಅಂತ ಕೇಳುವ ಫಾರ್ಮ್‌ನಲ್ಲಿ ನಾನು ಅಜ್ಜಿಯ ವಯಸ್ಸು, ಬೆಡ್ ನಂಬರ್ ಎಲ್ಲ ಬರೆದಿದ್ದೆ. ರೋಗಿಯ ವಿವರ ಇಲ್ಲಿ ಬೇಡ ಅಂತ ಮೆಲ್ಲಗೆ ಹೇಳಿ ಹೊಸ ಫಾರ್ಮ್ ಕೊಟ್ಟರು.

ಆಮೇಲೆ ಕಂಪ್ಯೂಟರ್ ತಿರುಗಿಸಿ ತೋರಿಸಿದರು. ನಾವು ಬೆಡ್‌ಸೋರ್ ಅನ್ನೋದನ್ನು ಬ್ರಿಟನ್‌ನಲ್ಲಿ ಪ್ರೆಷರ್ ಅಲ್ಸರ್ ಅನ್ನುತ್ತಾರೆ. ಈ ಹುಣ್ಣುಗಳ ಬಗ್ಗೆ ಇರುವ ಅಮೆರಿಕದ ಸಲಹಾ ಮಂಡಳಿ 2016ರಲ್ಲಿ ಅದನ್ನು ಪ್ರೆಷರ್ ಇಂಜುರಿ ಅಂತ ಬದಲಿಸಿತು. ಹಳೆಯ ಲೇಖನಗಳಲ್ಲಿ ಡೆಕ್ಯುಬಿಟಸ್. ಒಂದೇ ಗಾಯ, ನಾಲ್ಕು ಹೆಸರು. ನಾಲ್ಕನ್ನೂ ‘ಆರ್’ (ಇಂಗ್ಲಿಷಿನ ‘ಅಥವಾ’) ಹಾಕಿ ಜೋಡಿಸಬೇಕು. ಚರ್ಮದ ಬಣ್ಣಕ್ಕೂ ಹಾಗೇ ಒಂದು ಪಟ್ಟಿ. ಎರಡೂ ಪಟ್ಟಿಗಳ ನಡುವೆ ‘ಆ್ಯಂಡ್’ (ಮತ್ತು). ಮೆಡ್‌ಲೈನ್ ಅನ್ನುವ ಡೇಟಾಬೇಸ್‌ನಲ್ಲಿ ಒಮ್ಮೆ, ನರ್ಸಿಂಗ್ ಲೇಖನಗಳು ಜಾಸ್ತಿ ಇರುವ ಸಿನಾಲ್‌ನಲ್ಲಿ ಇನ್ನೊಮ್ಮೆ. ನಾನು ತಪ್ಪು ಹುಡುಕಿರಲಿಲ್ಲ, ನಾಲ್ಕರಲ್ಲಿ ಒಂದೇ ಬಾಗಿಲು ತಟ್ಟಿದ್ದೆ ಅಷ್ಟೇ.

ಕೆಲವೇ ದಿನದಲ್ಲಿ ಇಮೇಲ್ ಬಂತು. ಅವರು ಕಳಿಸಿದ್ದರಲ್ಲಿ ಪ್ರೆಷರ್ ಅಲ್ಸರ್ ಬಗ್ಗೆ 2019ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇತ್ತು. ಎಲ್ಲದರ ತಿರುಳು ಒಂದೇ: ಕಪ್ಪು ಚರ್ಮದಲ್ಲಿ ಬಣ್ಣ ನಂಬಿ ಕೂರಬೇಡಿ. ಪಕ್ಕದ ಚರ್ಮಕ್ಕೆ ಹೋಲಿಸಿ ಬಿಸಿಯಾಗಿದೆಯಾ, ಗಟ್ಟಿಯೋ ಮೆತ್ತಗೋ ಆಗಿದೆಯಾ, ಊದಿದೆಯಾ, ನೋವಿದೆಯಾ ನೋಡಿ.

ಒಂದು ಲೇಖನ ಮಾತ್ರ ದುಡ್ಡು ಕೊಟ್ಟರೆ ಸಿಗುವಂಥದ್ದು. ಕಾರ್ಡ್ ತೆಗೆಯುವವಳಿದ್ದೆ. ‘ತಡೀರಿ, ಬೇರೆ ಲೈಬ್ರರಿಯಿಂದ ತರಿಸ್ತೀವಿ’ ಅಂದರು. ಒಂದು ಕಾಪಿರೈಟ್ ಫಾರ್ಮ್‌ಗೆ ಸಹಿ ಹಾಕಿದೆ, ಪೈಸೆ ಖರ್ಚಿಲ್ಲದೆ ಬಂತು. ಖುಷಿಯಲ್ಲಿ ಅದನ್ನು ವಾರ್ಡಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟೆ! ಸಹಿ ಹಾಕಿದ ಫಾರ್ಮ್‌ನಲ್ಲೇ ‘ನನ್ನ ಸ್ವಂತ ಓದಿಗೆ ಮಾತ್ರ’ ಅಂತ ಇತ್ತು. ನಾವೆಲ್ಲ ಓದದೆ ಸಹಿ ಹಾಕೋರೇ ಅಲ್ವಾ? ಅಳಿಸಿದೆ.

ಹೊಸ ಲೇಖನಗಳ ಅಲರ್ಟ್‌ಗೂ ಹೆಸರು ಕೊಟ್ಟೆ. ಆಸೆಬುರುಕಿಯಾಗಿ ಒಂಬತ್ತು ವಿಷಯ ಟಿಕ್ ಮಾಡಿ, ಇಮೇಲ್ ತುಂಬಿ, ಈಗ ಎರಡಕ್ಕೆ ಇಳಿಸಿದ್ದೇನೆ. ಹುಡುಕೋದು ಹೇಗೆ ಅಂತ ಅವರು ಒಂದು ಗಂಟೆ ಕಲಿಸಿದ್ದಂತೂ ರೀವ್ಯಾಲಿಡೇಷನ್, ಅಂದರೆ ನರ್ಸ್ ನೋಂದಣಿ ನವೀಕರಣದ ಲೆಕ್ಕಕ್ಕೂ ಬಂತು. ಮೂರು ವರ್ಷಕ್ಕೊಮ್ಮೆ 35 ಗಂಟೆ ಕಲಿಕೆ ತೋರಿಸಬೇಕು, ಐದು ಅನುಭವ ಬರಹ ಬರೆಯಬೇಕು. ನನ್ನ ಮೊದಲ ಬರಹ ಆ ಹಿಮ್ಮಡಿಯದ್ದೇ.

ಲೇಖನಗಳನ್ನು ಅರ್ಧ ಪುಟಕ್ಕೆ ಇಳಿಸಿ ಹ್ಯಾಂಡೋವರ್ ಕೋಣೆಯಲ್ಲಿ ಅಂಟಿಸಿದೆ. ಮೊದಲು ಯಾರೂ ಓದಲಿಲ್ಲ. ಒಬ್ಬ ಸೀನಿಯರ್ ಓದಿ ಜೋರಾಗಿ ಹೇಳಿದ ಮೇಲೆ ಎಲ್ಲರೂ ಓದಿದರು.

ಒಂದೆರಡು ತಿಂಗಳ ನಂತರ ಲೈಬ್ರರಿಯಿಂದ ಚಿಕ್ಕ ಫಾರ್ಮ್ ಬಂತು. ನಾವು ಹುಡುಕಿ ಕೊಟ್ಟದ್ದರಿಂದ ಏನಾದರೂ ಬದಲಾಯಿತೇ ಅಂತ ಪ್ರಶ್ನೆ. ಬರೆಯೋಕೆ ಜಾಗ ತುಂಬಾ ಇತ್ತು. ನಾನು ಬರೆದದ್ದು ಒಂದೇ ಸಾಲು: ‘ಈಗ ಮುಟ್ಟಿ ನೋಡುತ್ತೇವೆ.’