ಹಳೆ ಕಾರಿಗೆ ಜಾಸ್ತಿ ಬೆಳಕಿನ ಬಲ್ಬ್: ಮೊದಲು ವೈರ್ ನೋಡಿ

ದೋಣಿಗಾಲ್ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ರಾತ್ರಿ ಹತ್ತೂವರೆ, ಜಿಟಿಜಿಟಿ ಮಳೆ. ಕಾರೊಳಗೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಎದುರಿನ ಲಾರಿಗೆ ಡಿಮ್ ಮಾಡೋಣ ಅಂತ ಸ್ಟೇರಿಂಗ್ ಪಕ್ಕದ ಸ್ವಿಚ್ ಮುಟ್ಟಿದರೆ ಅದು ಬಿಸಿಯಾಗಿ ಮೆತ್ತಗಾಗಿತ್ತು. ಎರಡು ವಾರದ ಹಿಂದಷ್ಟೇ ನನ್ನ 2004ರ ಆಲ್ಟೊಗೆ 100/90 ವ್ಯಾಟ್ ಬಲ್ಬ್ ಹಾಕಿಸಿದ್ದೆ. ಅಂಗಡಿಯವರು ಹಳೇದು ತೆಗೆದರು, ಹೊಸದು ಕೂರಿಸಿದರು, ಹತ್ತು ನಿಮಿಷದ ಕೆಲಸ. "ಹಗಲು ಮಾಡಿಬಿಡುತ್ತೆ ಸಾರ್" ಅಂದರು. ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ಬಲ್ಬಿನ ದೊಡ್ಡ ಕರೆಂಟನ್ನು ಹಾಯಿಸುವ ಪುಟ್ಟ ಡಬ್ಬಿ) ಮಾತೇ ಎತ್ತಲಿಲ್ಲ, ನಾನೂ ಕೇಳಲಿಲ್ಲ.

ಲೆಕ್ಕ ಸುಲಭ. ಹಳೆ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಎಚ್4 ಬಲ್ಬ್, 12 ವೋಲ್ಟ್, 60/55 ವ್ಯಾಟ್. ಬ್ರೈಟ್‌ನಲ್ಲಿ 60, ಡಿಮ್‌ನಲ್ಲಿ 55. ಎರಡೂ ಲೈಟ್ ಸೇರಿ ಸುಮಾರು 10 ಆಂಪಿಯರ್ ಎಳೆಯುತ್ತವೆ. 100 ವ್ಯಾಟಿನ ಎರಡು ಬಲ್ಬ್ ಅಂದರೆ 16-17 ಆಂಪಿಯರ್. ರಿಲೇ ಇಲ್ಲದ ಗಾಡಿಯಲ್ಲಿ ಈ ಕರೆಂಟೆಲ್ಲ ಆ ಪುಟ್ಟ ಸ್ವಿಚ್ ಒಳಗಿಂದಲೇ ಹೋಗಬೇಕು. ಇಪ್ಪತ್ತು ವರ್ಷದ ಸ್ವಿಚ್, ತೆಳ್ಳಗಿನ ವೈರ್, ಬಲ್ಬಿನ ಹಿಂದೆ ಸಿಕ್ಕಿಸುವ, ಹಸಿರು ತುಕ್ಕು ಹಿಡಿದ ಕಪ್ಲರ್. ಕರಗದೆ ಇನ್ನೇನಾಗುತ್ತೆ?

ಆಮೇಲೆ ಗೊತ್ತಾಗಿದ್ದು ಏನೆಂದರೆ, ನನ್ನ ಹಳೆ ಬಲ್ಬ್‌ಗಳಲ್ಲಿ ದೋಷವೇ ಇರಲಿಲ್ಲ. ಅವುಗಳಿಗೆ ಪೂರ್ತಿ ಕರೆಂಟೇ ಸಿಗುತ್ತಿರಲಿಲ್ಲ.

ಹಾಗಾಗಿ ಬಲ್ಬ್ ಕೊಳ್ಳುವ ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ. ಇಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ, ಬ್ಯಾಟರಿ ಮೇಲೆ ವೋಲ್ಟೇಜ್ ನೋಡಿ. ಆಮೇಲೆ ಕಪ್ಲರ್ ಬಲ್ಬಿಗೆ ಸಿಕ್ಕಿಸಿರುವಾಗಲೇ ಹಿಂದಿನಿಂದ ಮೀಟರಿನ ಕಡ್ಡಿ ತೂರಿಸಿ ಅಲ್ಲೂ ನೋಡಿ. ಕಪ್ಲರ್ ಕಿತ್ತು ಅಳೆದರೆ ಪ್ರಯೋಜನವಿಲ್ಲ, ಲೋಡ್ ಇಲ್ಲದಿದ್ದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನನಗೆ ಬ್ಯಾಟರಿಯಲ್ಲಿ 13.8 ಬಂತು, ಬಲ್ಬಿನ ಹತ್ತಿರ 11.9. ಎರಡು ವೋಲ್ಟ್ ತಾನೇ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿಗೆ ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ನನ್ನ ಲೆಕ್ಕದಲ್ಲಿ ಹತ್ತಿರ ಹತ್ತಿರ 40 ಭಾಗ ಬೆಳಕು ದಾರಿಯಲ್ಲೇ ಸೋರಿಹೋಗುತ್ತಿತ್ತು.

ಇದಕ್ಕೆ ಮದ್ದು ರಿಲೇ. ಬೆಂಗಳೂರಿನವರಾದರೆ ಜೆ.ಸಿ. ರೋಡಿನಲ್ಲಿ ರಿಲೇ, ಫ್ಯೂಸ್, ಸೆರಾಮಿಕ್ ಹೋಲ್ಡರ್ ಎಲ್ಲ ಸೇರಿಸಿದ ಎಚ್4 ವೈರಿಂಗ್ ಕಿಟ್ ರೆಡಿಮೇಡ್ ಸಿಗುತ್ತದೆ. ಉಳಿದ ಊರುಗಳಲ್ಲಿ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಬಿಡಿಯಾಗಿ ಕೊಂಡು ಮಾಡಬಹುದು. ಕಿಟ್ ಕೊಳ್ಳುವಾಗ ವೈರಿನ ತುದಿ ಕೆರೆದು ಒಳಗಿನ ತಾಮ್ರ ನೋಡಿ, ದಪ್ಪ ರಬ್ಬರ್ ಹೊದ್ದ ಕೂದಲೆಳೆ ತಾಮ್ರಕ್ಕೆ ದುಡ್ಡು ಕೊಡಬೇಡಿ. ಮುಖ್ಯ ವೈರ್ ಮತ್ತು ಅರ್ಥಿಂಗ್ ಎರಡೂ 2.5 ಚದರ ಮಿಲಿಮೀಟರ್ ಇರಲಿ.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಡಿಮ್‌ಗೊಂದು ರಿಲೇ, ಬ್ರೈಟ್‌ಗೊಂದು. ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತದೆ. 30ಕ್ಕೆ ಬ್ಯಾಟರಿ ಪಾಸಿಟಿವ್‌ನಿಂದ ವೈರ್, ನಡುವೆ ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. 60/55 ಬಲ್ಬಿಗೆ ಪ್ರತಿ ರಿಲೇಗೆ 15 ಆಂಪಿಯರ್ ಫ್ಯೂಸ್ ಸಾಕು. 87ರಿಂದ ಎರಡೂ ಬಲ್ಬಿಗೆ. 85 ಮತ್ತು 86 ಒಳಗಿನ ಕಾಯಿಲ್‌ನದು, ಇವೆರಡಕ್ಕೂ ಹಳೆ ಕಪ್ಲರಿನಿಂದಲೇ ವೈರ್ ತೆಗೆದುಕೊಳ್ಳಿ. ಒಂದಕ್ಕೆ ಕಪ್ಲರಿನ ಕಾಮನ್ ಪಿನ್ (ಡಿಮ್, ಬ್ರೈಟ್ ಎರಡಕ್ಕೂ ಸೇರಿದ್ದು), ಇನ್ನೊಂದಕ್ಕೆ ಡಿಮ್ ಅಥವಾ ಬ್ರೈಟ್ ಪಿನ್. ಒಂದು ಕಡೆಯ ಕಪ್ಲರ್ ಸಾಕು, ಇನ್ನೊಂದು ಕಡೆಯದಕ್ಕೆ ಟೇಪ್ ಸುತ್ತಿ ಕಟ್ಟಿಬಿಡಿ.

85 ಅನ್ನು ಸುಮ್ನೆ ಕಾರಿನ ಬಾಡಿಯ ಲೋಹಕ್ಕೆ ಅರ್ಥ್ ಮಾಡಿದರೆ ಆಗಲ್ವಾ ಅಂತ ಕೇಳಬಹುದು. ಹೆಚ್ಚಿನ ಗಾಡಿಗಳಲ್ಲಿ ಆಗುತ್ತದೆ. ಆದರೆ ಜಿಪ್ಸಿಯಂಥ ಕೆಲವು ಜಪಾನಿ ಮೂಲದ ಗಾಡಿಗಳಲ್ಲಿ ಕಾಮನ್ ಪಿನ್‌ನಲ್ಲೇ 12 ವೋಲ್ಟ್ ಇರುತ್ತದೆ, ಸ್ವಿಚ್ ಕೆಲಸ ಮಾಡುವುದು ಅರ್ಥ್ ಕಡೆ. ಅಲ್ಲಿ 85 ಅನ್ನು ಬಾಡಿಯ ಲೋಹಕ್ಕೆ ಕೊಟ್ಟರೆ ಎಲ್ಲ ತಲೆಕೆಳಗಾಗುತ್ತದೆ. ಎರಡು ತುದಿಯನ್ನೂ ಕಪ್ಲರಿನಿಂದಲೇ ತೆಗೆದರೆ ಈ ತಲೆನೋವಿಲ್ಲ. ಡಯೋಡ್ ಇಲ್ಲದ ಸಾದಾ ರಿಲೇ ಆದರೆ ಪ್ಲಸ್ ಯಾವ ಕಡೆ ಬಂದರೂ ಕಾಯಿಲ್ ಲೆಕ್ಕಿಸುವುದಿಲ್ಲ.

ಬಲ್ಬಿನ ಅರ್ಥ್ ವೈರನ್ನು ಬಾಡಿಯ ಬೋಲ್ಟಿಗೆ ಬಿಗಿಯುವಾಗ ಪೇಂಟ್ ಕೆರೆದು ಲೋಹ ಹೊಳೆಯುವಂತೆ ಮಾಡಿ. ರಿಲೇ ಕಾಲುಗಳು ಕೆಳಮುಖವಾಗಿರಲಿ, ಇಲ್ಲದಿದ್ದರೆ ಮಳೆನೀರು ಒಳಗೆ ಇಳಿಯುತ್ತದೆ. ವೈರ್ ರೇಡಿಯೇಟರ್ ಫ್ಯಾನಿನಿಂದ ದೂರ ಇರಲಿ.

ಇಷ್ಟು ಮಾಡಿ ಹಳೆ ಬಲ್ಬನ್ನೇ ಹಾಕಿ ಒಂದು ರಾತ್ರಿ ಓಡಿಸಿ ನೋಡಿ. ನಾನು ಅಲ್ಲಿಗೇ ನಿಲ್ಲಿಸಬಹುದಿತ್ತು, ಅಷ್ಟು ವ್ಯತ್ಯಾಸ. ಆದರೂ ಆಸೆ ಬಿಡಲಿಲ್ಲ, ಅದೇ 60/55 ವ್ಯಾಟಿನಲ್ಲಿ ಜಾಸ್ತಿ ಬೆಳಕು ಕೊಡುವ ಬಲ್ಬ್ ತಂದೆ. ಫಿಲಮೆಂಟ್ ಇನ್ನಷ್ಟು ಬಿಸಿಯಾಗಿ ಉರಿಯುವುದರಿಂದ ಇವುಗಳ ಆಯಸ್ಸು ಕಡಿಮೆ, ಅದು ಗೊತ್ತಿದ್ದೇ ಕೊಳ್ಳಿ. ನೀಲಿ ಬಣ್ಣ ಬಳಿದ "ಸೂಪರ್ ವೈಟ್" ಬೇಡ. ಆ ನೀಲಿ ಪದರ ಬೆಳಕನ್ನು ತಡೆಯುತ್ತದೆ, ಮಳೆಯಲ್ಲಿ ರಸ್ತೆಯೇ ಕಾಣುವುದಿಲ್ಲ. ಇನ್ನು 100/90, ರಿಲೇ ಮತ್ತು ಸೆರಾಮಿಕ್ ಹೋಲ್ಡರ್ ಇದ್ದರೆ ವೈರಿಂಗ್ ತಡೆಯುತ್ತದೆ, ನಿಜ. ಆದರೆ ಹಳೆ ಪ್ಲಾಸ್ಟಿಕ್ ರಿಫ್ಲೆಕ್ಟರ್ ಆ ಬಿಸಿ ತಡೆಯಬೇಕಲ್ಲ, ಅದರ ಬೆಳ್ಳಿ ಎದ್ದರೆ ಇಡೀ ಹೆಡ್‌ಲೈಟೇ ಹೋದಂತೆ. ಸಾಲದ್ದಕ್ಕೆ ಆ ಬಲ್ಬ್ ರಸ್ತೆಗೆ ಅಂತ ಮಾಡಿದ್ದೂ ಅಲ್ಲ.

ಹಾಕುವಾಗ ಕಪ್ಲರ್ ಎಳೆದು, ಅದರ ಹಿಂದಿನ ರಬ್ಬರ್ ಕವರ್ ಬಿಚ್ಚಿ, ಸ್ಪ್ರಿಂಗ್ ಕ್ಲಿಪ್ ಒತ್ತಿ ಪಕ್ಕಕ್ಕೆ ಸರಿಸಿದರೆ ಬಲ್ಬ್ ಹೊರಗೆ ಬರುತ್ತದೆ. ಹೊಸ ಬಲ್ಬಿನ ಗಾಜು ಬೆರಳಿನಿಂದ ಮುಟ್ಟಬೇಡಿ. ಚರ್ಮದ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಗಾಜು ಹಾಳಾಗುತ್ತದೆ. ಮುಟ್ಟಿದರೆ ಸ್ಪಿರಿಟ್ ಹಾಕಿ ಒರೆಸಿ. ಎಚ್4 ಬಲ್ಬಿಗೆ ಮೂರು ಕಿವಿ ಇವೆ, ಒಂದೇ ರೀತಿಯಲ್ಲಿ ಕೂರುತ್ತದೆ. ಅಲ್ಲಾಡಿದರೆ ಕೂತಿಲ್ಲ ಅಂತ ಅರ್ಥ. ರಬ್ಬರ್ ಕವರ್ ಮರೆಯಬೇಡಿ, ಅದಿಲ್ಲದೆ ಒಳಗೆ ನೀರು ಕಟ್ಟಿದ ಎಷ್ಟೋ ಹೆಡ್‌ಲೈಟ್ ನೋಡಿದ್ದೇನೆ.

ಆಮೇಲೆ ಲೈಟಿನ ಎತ್ತರ. ಟೈರ್ ಗಾಳಿ ಸರಿ ಮಾಡಿ, ಸಮನಾದ ನೆಲದಲ್ಲಿ ಗೋಡೆಯಿಂದ ಏಳೂವರೆ ಮೀಟರ್ ದೂರ ನಿಲ್ಲಿಸಿ, ಡ್ರೈವರ್ ಸೀಟಿನಲ್ಲಿ ಯಾರನ್ನಾದರೂ ಕೂರಿಸಿ. ಹೆಡ್‌ಲೈಟಿನ ನಡುಭಾಗದ ಎತ್ತರವನ್ನು ಗೋಡೆ ಮೇಲೆ ಟೇಪ್ ಅಂಟಿಸಿ ಗುರುತು ಮಾಡಿ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಆ ಗುರುತಿಗಿಂತ ಏಳೆಂಟು ಸೆಂಟಿಮೀಟರ್ ಕೆಳಗಿರಬೇಕು, ಎಡಗಡೆ ಮಾತ್ರ ಸ್ವಲ್ಪ ಮೇಲಕ್ಕೆ ಏರುತ್ತದೆ. ಇಲ್ಲದಿದ್ದರೆ ಹೆಡ್‌ಲೈಟ್ ಹಿಂದಿನ ಸ್ಕ್ರೂ ತಿರುಗಿಸಿ ಸರಿಮಾಡಿ.

ಎಚ್‌ಐಡಿ (ಫಿಲಮೆಂಟ್ ಇಲ್ಲದೆ ಗ್ಯಾಸಿನಲ್ಲಿ ಉರಿಯುವ ಬಲ್ಬ್), ಎಲ್‌ಇಡಿ ಯಾಕೆ ಬೇಡ ಅಂತ ಕೇಳುವವರಿಗೆ: ಹಳೆ ಎಚ್4 ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ಡಿಮ್ ಫಿಲಮೆಂಟ್ ಕೆಳಗೆ ದೋಣಿಯಂಥ ಪುಟ್ಟ ಲೋಹದ ಬಟ್ಟಲಿದೆ. ಎದುರಿನವರ ಕಣ್ಣಿಗೆ ಬೆಳಕು ಹೋಗದಂತೆ ತಡೆಯುವುದು ಅದೇ. ರಿಫ್ಲೆಕ್ಟರನ್ನು ರೂಪಿಸಿರುವುದೂ ಆ ಫಿಲಮೆಂಟಿನ ಜಾಗಕ್ಕೆ ಲೆಕ್ಕ ಹಾಕಿಯೇ. ಅಲ್ಲಿ ಬೇರೆ ಆಕಾರದ ಬೆಳಕು ಇಟ್ಟರೆ ಬೆಳಕು ದಿಕ್ಕಾಪಾಲಾಗಿ ಚೆಲ್ಲುತ್ತದೆ. ಕಣ್ಣು ಕುಕ್ಕದಂತೆ ಬೆಳಕು ಕೆಳಗೆ ಬಾಗಿರಬೇಕು ಅಂತ 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, 2024ರ ಜುಲೈಯಿಂದ ಕರ್ನಾಟಕ ಪೊಲೀಸರು ಇಂಥ ಲೈಟುಗಳ ಮೇಲೆ ಕೇಸ್ ಹಾಕುತ್ತಲೂ ಇದ್ದಾರೆ.

ಎಲ್ಲ ಮುಗಿದ ಮೇಲೆ ಅರ್ಧ ಗಂಟೆ ಲೈಟ್ ಉರಿಸಿ, ಫ್ಯೂಸ್, ರಿಲೇ, ವೈರಿನ ಜೋಡಣೆ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಸುಡುತ್ತಿದ್ದರೆ ಅಲ್ಲಿ ವೈರಿನ ತುದಿ ಒತ್ತಿ ಕೂರಿಸಿದ ಕ್ರಿಂಪ್ ಸಡಿಲ. ತೆಗೆದ ಹಳೆ ಬಲ್ಬುಗಳನ್ನು ಡಬ್ಬಿಗೆ ಹಾಕಿ ಡ್ಯಾಶ್‌ಬೋರ್ಡಿನಲ್ಲಿಡಿ, ಘಾಟಿಯ ಬುಡದ ಗುಂಡ್ಯದಲ್ಲಿ ರಾತ್ರಿ ಹನ್ನೊಂದಕ್ಕೆ ಬಲ್ಬ್ ಹುಡುಕುವುದು ಕಷ್ಟ.